ಕೈದಿಯ ದಾವೆ: ಕೋರ್ಟಿಗೂ ಮೊದಲು ಜೈಲಿನ ದೂರು

ಜೈಲು ಸಿಬ್ಬಂದಿ ಹೊಡೆದರು, ಔಷಧ ಕೊಡಲಿಲ್ಲ ಎಂದು ಅಮೆರಿಕದ ಕೈದಿ ಫೆಡರಲ್ ಕೋರ್ಟಿಗೆ ಹೋಗಬೇಕಾದರೆ, ಮೊದಲು ಜೈಲಿನ ದೂರು ವ್ಯವಸ್ಥೆಯ ಎಲ್ಲ ಹಂತಗಳನ್ನೂ ಮುಗಿಸಿರಬೇಕು. ಇದು 1996ರ ಜೈಲು ದಾವೆ ಸುಧಾರಣಾ ಕಾಯ್ದೆಯ ಷರತ್ತು. ಕೇಳುವುದು ಹಣ, ಜೈಲು ಹಣ ಕೊಡುವುದಿಲ್ಲ ಅಂದರೂ ಬಿಡುವಂತಿಲ್ಲ. ಬೇರೇನಾದರೂ ಕ್ರಮ ಕೈಗೊಳ್ಳುವ ಅಧಿಕಾರ ಅದಕ್ಕಿದ್ದರೆ ಸಾಕು ಎಂದು ಅಮೆರಿಕದ ಸುಪ್ರೀಂ ಕೋರ್ಟಿನ 2001ರ ಬೂತ್ ತೀರ್ಪು ಹೇಳಿತು.

ಫೆಡರಲ್ (ಕೇಂದ್ರ ಸರ್ಕಾರದ) ಜೈಲಿನ ಲೆಕ್ಕ ನೋಡಿ. ಮೊದಲು ಸಿಬ್ಬಂದಿ ಜೊತೆ ಮಾತಾಡಿ ಬಗೆಹರಿಸಿಕೊಳ್ಳುವ ಪ್ರಯತ್ನ. ಆಗದಿದ್ದರೆ ಜೈಲಿನ ಮುಖ್ಯಸ್ಥರಾದ ವಾರ್ಡನ್‌ಗೆ ಬಿಪಿ-9 ಫಾರಂ. ಘಟನೆಯಾದ 20 ದಿನದೊಳಗೆ ಈ ಎರಡೂ ಮುಗಿಯಬೇಕು. ಮಾತುಕತೆಗೆ ಬೇರೆ ಗಡುವು ಇದೆ ಎಂದುಕೊಂಡವರು ಎಡವುವುದು ಇಲ್ಲೇ. ವಾರ್ಡನ್ ಉತ್ತರಿಸಲು 20 ದಿನ. ಒಪ್ಪಿಗೆಯಾಗದಿದ್ದರೆ 20 ದಿನದಲ್ಲಿ ಪ್ರಾದೇಶಿಕ ನಿರ್ದೇಶಕರಿಗೆ ಬಿಪಿ-10, ಆಮೇಲೆ 30 ದಿನದಲ್ಲಿ ಕೇಂದ್ರ ಕಚೇರಿಯ ಜನರಲ್ ಕೌನ್ಸೆಲ್‌ಗೆ (ಮುಖ್ಯ ಕಾನೂನು ಅಧಿಕಾರಿ) ಬಿಪಿ-11. ಈ ಮೇಲ್ಮನವಿಗಳ ದಿನ ಎಣಿಸುವುದು ಉತ್ತರ ಕೈಗೆ ಬಂದ ದಿನದಿಂದಲ್ಲ, ಅಧಿಕಾರಿ ಸಹಿ ಹಾಕಿದ ದಿನದಿಂದ. ಕೈದಿಯ ದೂರು ಸಲ್ಲಿಕೆಯಾಯಿತು ಎನ್ನುವುದೂ ಅಂಚೆಗೆ ಹಾಕಿದಾಗಲ್ಲ, ಅವರ ದಾಖಲೆಯಲ್ಲಿ ಬಂತೆಂದು ನಮೂದಾದಾಗ. ಎರಡೂ ಕಡೆ ನಷ್ಟ ಕೈದಿಗೇ! ನಿಗದಿತ ಅವಧಿಯಲ್ಲಿ (ವಿಸ್ತರಿಸಿದ್ದರೆ ಅದೂ ಸೇರಿ) ಉತ್ತರವೇ ಬರದಿದ್ದರೆ ತಿರಸ್ಕಾರವೆಂದು ತಿಳಿದು ಮುಂದಿನ ಮೆಟ್ಟಿಲು ಹತ್ತಬಹುದು; ಸುಮ್ಮನೆ ಕಾಯಬಾರದು.

ರಾಜ್ಯದ ಜೈಲುಗಳಲ್ಲಿ ನಿಯಮವೂ ಗಡುವೂ ಬೇರೆ, ಷರತ್ತು ಮಾತ್ರ ಒಂದೇ. ಕ್ಯಾಲಿಫೋರ್ನಿಯಾದ ಕೈದಿಯೊಬ್ಬರ ದೂರು 15 ಕೆಲಸದ ದಿನಗಳ ಗಡುವು ಮೀರಿತ್ತು. ಜೈಲು ಅದನ್ನು ವಾಪಸ್ ಕಳಿಸಿತು. ಇನ್ನು ಬೇರೆ ದಾರಿ ಉಳಿದಿಲ್ಲ, ಹಾಗಾಗಿ ಎಲ್ಲ ಮುಗಿದಂತೆಯೇ ಎಂಬ ವಾದವನ್ನು ಸುಪ್ರೀಂ ಕೋರ್ಟು 2006ರ ವುಡ್‌ಫೋರ್ಡ್ ಪ್ರಕರಣದಲ್ಲಿ ಒಪ್ಪಲಿಲ್ಲ. ಕ್ರಮಬದ್ಧವಾಗಿ, ಸಮಯಕ್ಕೆ ಸರಿಯಾಗಿ ಮುಗಿಸಿದರಷ್ಟೇ ಲೆಕ್ಕ.

ಕಾಯ್ದೆ ಮುಗಿಸಬೇಕೆನ್ನುವುದು ‘ಲಭ್ಯವಿರುವ’ ದೂರು ಮಾರ್ಗಗಳನ್ನಷ್ಟೇ; ಕೈದಿಯ ಪರ ವಕೀಲರಿಗೆ ಉಳಿದಿರುವ ಜಾಗ ಆ ಒಂದೇ ಪದ. 2016ರ ರಾಸ್ ತೀರ್ಪು ಲಭ್ಯವಿಲ್ಲದ ಮೂರು ಸಂದರ್ಭ ಹೇಳಿದೆ: ದೂರು ಕೊಟ್ಟರೂ ಅಧಿಕಾರಿಗಳು ಏನೂ ಮಾಡದಂಥ ಕುರುಡು ಓಣಿ, ಸಾಮಾನ್ಯ ಕೈದಿಗೆ ತಲೆಬುಡ ತಿಳಿಯದ ನಿಯಮ, ಬೆದರಿಕೆ ಇಲ್ಲವೇ ಮೋಸದಿಂದ ದೂರು ತಡೆಯುವುದು. ‘ವಿಶೇಷ ಸನ್ನಿವೇಶ’ ಇದ್ದರೆ ಮುಗಿಸದಿದ್ದರೂ ನಡೆಯುತ್ತದೆ ಎಂಬ ವಿನಾಯಿತಿ ಅದೇ ತೀರ್ಪಿನಲ್ಲಿ ಹೋಯಿತು. ಹಾಗಾಗಿ ಸಿಬ್ಬಂದಿ ಫಾರಂ ಕೊಡಲಿಲ್ಲವೆಂದರೆ ಯಾರು, ಯಾವತ್ತು, ಏನೆಂದರು ಎಂದು ಅಂದೇ ಬರೆದಿಟ್ಟುಕೊಳ್ಳಬೇಕು.

ಕಾನೂನು ಪರೀಕ್ಷೆಯಲ್ಲಿ ಬಹಳ ಜನ ತಪ್ಪುವ ಅಂಶವೊಂದಿದೆ. ದೂರಿನ ಹಂತಗಳನ್ನು ಮುಗಿಸಿದ್ದೇನೆ ಎಂದು ಕೈದಿ ದಾವೆಯಲ್ಲಿ ಬರೆಯಬೇಕಿಲ್ಲ. ಮುಗಿಸಿಲ್ಲವೆಂದು ಪ್ರತಿವಾದಿಯೇ ಎತ್ತಬೇಕು (ಜೋನ್ಸ್, 2007). ಮುಗಿಸಿದರೋ ಇಲ್ಲವೋ ಎಂಬುದರ ಸತ್ಯಾಂಶ ಮೂಲ ಆರೋಪದೊಡನೆ ಹೆಣೆದುಕೊಂಡಿದ್ದರೆ ಜ್ಯೂರಿಯೇ ತೀರ್ಮಾನಿಸಬೇಕೆಂದು 2025ರ ಪೆರ್ಟು ತೀರ್ಪು ಸೇರಿಸಿತು.

ಮುಗಿಸದೆ ಹೂಡಿದ ದಾವೆ ಸಾಮಾನ್ಯವಾಗಿ ಮತ್ತೆ ಹೂಡುವ ಅವಕಾಶವಿಟ್ಟೇ ವಜಾ ಆಗುತ್ತದೆ. ಆದರೆ ಅಷ್ಟರಲ್ಲಿ ಒಳಗಿನ ಗಡುವು ಮೀರಿದ್ದರೆ ಆ ಅವಕಾಶ ಹೆಸರಿಗಷ್ಟೇ. ಬಿಡುಗಡೆಯಾದ ಮೇಲೆ ದಾವೆ ಹೂಡಿದರೆ ಈ ಷರತ್ತೇ ಅನ್ವಯಿಸುವುದಿಲ್ಲ, ಕಾಲಮಿತಿ ಮಾತ್ರ ಇರುತ್ತದೆ: ಟೆಕ್ಸಾಸ್‌ನಲ್ಲಿ ಅದು 2 ವರ್ಷ.