‘ಪಿಎಚ್‌.ಡಿ ಎಲ್ಲಿ ಮಾಡೀರಿ?’

ಕಲಬುರಗಿ ಸೀಮೆಯ ಹೆಣ್ಣುಮಕ್ಕಳು ಎಂ.ಎ, ಎಂ.ಎಸ್ಸಿ ಓದಿದ ಚರಿತ್ರೆ ಎಂದರೆ ವಿಶ್ವವಿದ್ಯಾಲಯವೊಂದು ಮನೆಗೆ ಹತ್ತಿರವಾಗುತ್ತ ಬಂದ ಚರಿತ್ರೆ. ನಿಜಾಮರ ಕಾಲಕ್ಕೆ ಕಲಬುರಗಿ, ಬೀದರಿನವರಿಗೆ ಇದ್ದದ್ದು ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಶುರುವಾದ ಅದರಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. 1956ರ ಏಕೀಕರಣದ ಮೇಲೆ ಓದುವವರು ಧಾರವಾಡದ ಕಡೆ ಮುಖ ಮಾಡಿದರು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಕಲಬುರಗಿಗೆ ಬಂತು. 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಆಳಂದ ರಸ್ತೆಯ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ. ಮಗಳನ್ನು ಧಾರವಾಡದ ಹಾಸ್ಟೆಲಿಗೆ ಕಳಿಸಲು ಒಲ್ಲೆ ಎಂದಿದ್ದ ಮನೆಗಳು ಬಸ್ ಪಾಸ್ ಮಾಡಿಸಿಕೊಟ್ಟವು.

ಓದು ಹತ್ತಿರ ಬಂತು. ನೌಕರಿ ಮಾತ್ರ ಇನ್ನೂ ದೂರದ ಊರಿನ ಹೆಸರನ್ನೇ ಕೇಳುತ್ತದೆ.

ಸಂದರ್ಶನದ ಕೋಣೆಯಲ್ಲಿ ‘ಏನು ಸಂಶೋಧನೆ ಮಾಡೀರಿ’ ಎನ್ನುವುದಕ್ಕಿಂತ ಮೊದಲು ‘ಎಲ್ಲಿ ಮಾಡೀರಿ’ ಬರುತ್ತದೆ. ದೆಹಲಿ, ಬೆಂಗಳೂರು ಎಂದರೆ ತಲೆ ಎತ್ತಿ ನೋಡುತ್ತಾರೆ. ಇದು ನಮ್ಮಲ್ಲಿಯ ರೋಗವಷ್ಟೇ ಅಲ್ಲ. ಉತ್ತರ ಅಮೆರಿಕದ ಸುಮಾರು 19,000 ಅಧ್ಯಾಪಕರ ನೇಮಕ ನೋಡಿದ 2015ರ ಅಧ್ಯಯನವೊಂದು ಕಂಪ್ಯೂಟರ್ ವಿಜ್ಞಾನ, ವ್ಯವಹಾರ ಅಧ್ಯಯನ, ಇತಿಹಾಸ ಎಂಬ ಮೂರು ವಿಷಯಗಳನ್ನು ಹಿಡಿದುಕೊಂಡಿತ್ತು. ಕಾಲು ಭಾಗದಷ್ಟು ವಿಶ್ವವಿದ್ಯಾಲಯಗಳೇ ಶೇ 71ರಿಂದ 86ರಷ್ಟು ಅಧ್ಯಾಪಕರನ್ನು ಒದಗಿಸಿದ್ದವು. ಮೊದಲೆರಡು ವಿಷಯಗಳಲ್ಲಿ, ಅದೇ ದರ್ಜೆಯ ಸಂಸ್ಥೆಯಿಂದ ಬಂದರೂ ಹೆಂಗಸರಿಗೆ ಗಂಡಸರಿಗಿಂತ ಕೆಳಗಿನ ಶ್ರೇಣಿಯ ಜಾಗ ಸಿಕ್ಕಿತ್ತು. ಅದಕ್ಕೂ ಮೊದಲು, 2012ರಲ್ಲಿ, 127 ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸದ ಒಂದೇ ಅರ್ಜಿಯನ್ನು ಕೆಲವರಿಗೆ ಜಾನ್ ಹೆಸರಲ್ಲಿ, ಕೆಲವರಿಗೆ ಜೆನಿಫರ್ ಹೆಸರಲ್ಲಿ ಕೊಟ್ಟು ನೋಡಿದ್ದರು. ಜಾನ್‌ಗೆ ಅವರು ಸೂಚಿಸಿದ್ದು ವರ್ಷಕ್ಕೆ 30,000 ಡಾಲರ್ ದಾಟಿದ ಸಂಬಳ, ಜೆನಿಫರ್‌ಗೆ 26,500ರ ಆಸುಪಾಸು. ಹಾಗೆ ಕಡಿಮೆ ಹಾಕುವುದರಲ್ಲಿ ಮಹಿಳಾ ಅಧ್ಯಾಪಕರೂ ಗಂಡಸರಿಗೆ ಸಮನಾಗಿಯೇ ಇದ್ದರು.

ನಮ್ಮಲ್ಲಿ ಹೆಸರಿನ ಈ ಮೋಹ ಕಾನೂನಿನ ಪುಟಕ್ಕೇ ಏರಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ, ಜಾಗತಿಕ ರ‍್ಯಾಂಕಿಂಗ್‌ನ ಮೊದಲ 500ರೊಳಗಿನ ವಿದೇಶಿ ವಿಶ್ವವಿದ್ಯಾಲಯದ ಪಿಎಚ್‌.ಡಿ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬೇಕಿಲ್ಲ. ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ಆರಿಸಲು ಅಂಕಪಟ್ಟಿಯಿದೆ: ಪಿಎಚ್‌.ಡಿಗೆ 30, ಪ್ರಕಟಣೆಗೆ 10, ಬೋಧನೆಯ ಅನುಭವಕ್ಕೆ ವರ್ಷಕ್ಕೆ 2ರಂತೆ ಹೆಚ್ಚೆಂದರೆ 10. ಈ ಅಂಕಗಳೂ ಸಂದರ್ಶನದ ಬಾಗಿಲವರೆಗಷ್ಟೇ. ವಿಶ್ವವಿದ್ಯಾಲಯದ ಆಯ್ಕೆ ನಡೆಯುವುದು ಪೂರ್ತಿ ಸಂದರ್ಶನದ ಮೇಲೆ. ‘ಲಗ್ನ ಆಗ್ಯಾದೇನ್ರಿ, ಮನಿಯವರು ಎಲ್ಲಿರ್ತಾರ’ ಎಂಬ ಪ್ರಶ್ನೆಗೆ ಅಂಕ ಇಲ್ಲ ನಿಜ, ಆದರೆ ಉತ್ತರ ಯಾರ ಕಿವಿಗೂ ಬೀಳದೆ ಹೋಗುವುದಿಲ್ಲ. ಲಿಖಿತ ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳಲು ಜಾಗವೇ ಇರುವುದಿಲ್ಲ ಎನ್ನುವುದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

ಊರಿಗೆ ಹೆಸರು ತಂದವರೂ ಇದ್ದಾರೆ. ಕಾದಂಬರಿಗಾರ್ತಿ ಗೀತಾ ನಾಗಭೂಷಣ ಕಲಬುರಗಿಯ ಎಂ.ಎಸ್‌.ಕೆ. ಮಿಲ್ಲಿನ ಕಾರ್ಮಿಕರೊಬ್ಬರ ಮಗಳು. ಗುಮಾಸ್ತೆಯಾಗಿ ದುಡಿಯುತ್ತಲೇ ಓದಿ ಉಪನ್ಯಾಸಕಿಯಾದರು, ಪ್ರಾಂಶುಪಾಲೆಯಾದರು; 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಅವರ ಹೆಸರೆತ್ತಿ ‘ಮನಸ್ಸಿದ್ದರೆ ಮಾರ್ಗ’ ಎನ್ನುವವರು ಒಂದನ್ನು ಮರೆಯುತ್ತಾರೆ: ಆ ಗುಮಾಸ್ತಿಕೆಗೆ ತಿಂಗಳ ಸಂಬಳವಿತ್ತು.

ಇಂದು ಯಾದಗಿರಿ, ಸೇಡಂ, ಹುಮನಾಬಾದಿನ ಕಾಲೇಜುಗಳಲ್ಲಿ ಪಾಠ ಹೇಳುವ ಅತಿಥಿ ಉಪನ್ಯಾಸಕಿಗೆ ಆ ಭರವಸೆಯಿಲ್ಲ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ಅನುಭವ ಪ್ರಮಾಣಪತ್ರದಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ಬರೆದಷ್ಟೇ ಲೆಕ್ಕ, ವರ್ಷ ತುಂಬದಿದ್ದರೆ ಆ 2 ಅಂಕವೂ ಪ್ರಮಾಣಕ್ಕೆ ತಕ್ಕಂತೆ ಇಳಿಯುತ್ತದೆ.

2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಸುಮಾರು 16 ಲಕ್ಷ ಅಧ್ಯಾಪಕರಲ್ಲಿ ಮಹಿಳೆಯರು ಶೇ 43.4. ಸಂಖ್ಯೆ ಸಮಾಧಾನ ಕೊಡುತ್ತದೆ. ಆದರೆ ಹುದ್ದೆಯ ಮೆಟ್ಟಿಲು ಹತ್ತಿದಂತೆ ಈ ಪಾಲು ಕರಗುತ್ತದೆ.

ಸವಲತ್ತುಗಳೇ ಇಲ್ಲವೆಂದಲ್ಲ. 2016ರಿಂದ ಪಿಎಚ್‌.ಡಿ ಮಾಡುವ ಹೆಣ್ಣುಮಕ್ಕಳಿಗೆ 240 ದಿನಗಳವರೆಗೆ ಹೆರಿಗೆ, ಶಿಶುಪಾಲನೆ ರಜೆಯಿದೆ. ಅವಧಿಗೆ 2 ವರ್ಷ ಹೆಚ್ಚುವರಿಯೂ ಇದೆ. ಕಾಯಂ ಅಧ್ಯಾಪಕಿಯ ಬಡ್ತಿಗೆ ಬೋಧನೆಯನ್ನು ಅಳೆಯುವಾಗ ಹೆರಿಗೆ ರಜೆಯ ಅವಧಿಯನ್ನು ಬಿಟ್ಟು ಲೆಕ್ಕ ಹಾಕಬೇಕೆಂದು 2018ರ ನಿಯಮವೇ ಹೇಳುತ್ತದೆ. ಪಿಎಚ್‌.ಡಿ ಮುಗಿಸಿ, ಕಾಯಂ ಹುದ್ದೆ ಇನ್ನೂ ಸಿಗದೆ ನಡುವೆ ಉಳಿದವಳಿಗೆ ಎರಡೂ ಅನ್ವಯಿಸುವುದಿಲ್ಲ. ಮದುವೆ, ಬಾಣಂತನ ಬರುವುದೂ ಬಹುಪಾಲು ಆ ವರ್ಷಗಳಲ್ಲೇ.