ಬೀಸುಕಲ್ಲಿನ ಸದ್ದು ಬಲ್ಲವನು

ಮುಳಬಾಗಿಲಿನ ಕಡೆಯ ಯುವ ಲೇಖಕಿಯೊಬ್ಬರು ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಕಥೆ ನಡೆಯುವುದು 1876ರಲ್ಲಿ, ಕೋಲಾರ ಸೀಮೆಯ ಒಂದು ಹಳ್ಳಿಯಲ್ಲಿ. ನಾಯಕಿಗೆ ಇಪ್ಪತ್ತೆರಡು ವರ್ಷ, ಇನ್ನೂ ಮದುವೆಯಾಗಿಲ್ಲ. ನಾಯಕ ಅವಳ ತಂದೆಯ ಹೊಲದಲ್ಲಿ ದುಡಿಯುವ ಆಳು. ಹದಿನೆಂಟನೆಯ ಪುಟದಲ್ಲಿ, ಬೆಳದಿಂಗಳಿನಲ್ಲಿ, ನೀಲಗಿರಿ ತೋಪಿನೊಳಗೆ ಅವನು ಅವಳ ಕೈ ಹಿಡಿದು, “ನಾನು ನಿನ್ನನ್ನು ಪ್ರೀತಿಸುತ್ತೇನೆ, ನೀನಿಲ್ಲದೆ ಬದುಕಲಾರೆ” ಎನ್ನುತ್ತಾನೆ. ಅವಳು ಅವನನ್ನು ಹೆಸರು ಹಿಡಿದು ಕರೆದು ಎದೆಗೊರಗುತ್ತಾಳೆ.

ಹಸ್ತಪ್ರತಿ ತಿದ್ದುವುದು ನನ್ನ ವೃತ್ತಿ. ನೀಲಗಿರಿ ತೋಪನ್ನು ಹೊಂಗೆ ತೋಪು ಮಾಡಲು ಒಂದು ಗೆರೆ ಸಾಕಾಯಿತು. ಅದು ಆಸ್ಟ್ರೇಲಿಯಾದಿಂದ ಬಂದ ಮರ, ನಮ್ಮ ಜಿಲ್ಲೆಯ ಬಯಲನ್ನು ತುಂಬಿದ್ದು ಕಳೆದ ಶತಮಾನದಲ್ಲಿ. ಆ ಅಪ್ಪುಗೆಯನ್ನು ಸರಿಪಡಿಸಲು ಮಾತ್ರ ನಮ್ಮಿಬ್ಬರಿಗೂ ಏಳು ತಿಂಗಳು ಹಿಡಿಯಿತು.

ನಾನು ಕೇಳಿದ ಮೊದಲ ಪ್ರಶ್ನೆ, ಇಪ್ಪತ್ತೆರಡರ ಹೆಣ್ಣು ಇನ್ನೂ ತವರಿನಲ್ಲಿ ಏಕಿದ್ದಾಳೆ ಎಂಬುದು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹದ ಕಾನೂನು ತಂದಾಗ ನಿಷೇಧಿಸಿದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನು. ಕಾನೂನಿಗೇ ಇಷ್ಟು ಕೆಳಗೆ ಗೆರೆ ಎಳೆಯಬೇಕಾಗಿತ್ತೆಂದರೆ ರೂಢಿ ಹೇಗಿತ್ತೆಂದು ಊಹಿಸಬಹುದು. ಮೈನೆರೆದ ಮೇಲೆ ಮದುವೆ ಮಾಡುತ್ತಿದ್ದ ಸಮುದಾಯಗಳೂ ಇದ್ದವು, ನಿಜ. ಆದರೂ ಇಪ್ಪತ್ತೆರಡಕ್ಕೆ ಮದುವೆಯಾಗದ ಮಗಳಿದ್ದರೆ ಇಡೀ ಊರು ಆ ಮನೆಯ ಬಗ್ಗೆ ಮಾತಾಡುತ್ತಿತ್ತು. ಕಾದಂಬರಿಯಲ್ಲಿ ಒಬ್ಬರೂ ಮಾತಾಡಿರಲಿಲ್ಲ.

“ಹಾಗಾದರೆ ಅವಳು ಗಂಡ ಸತ್ತು ತವರಿಗೆ ಬಂದವಳಾಗಬೇಕು. ಅಲ್ಲಿಗೆ ಪ್ರೇಮಕಥೆಯೇ ಮುಗಿಯಿತಲ್ಲ, ಮೇಡಂ” ಎಂದರು ಲೇಖಕಿ.

ಮುಗಿಯುವುದಿಲ್ಲ. ಅಲ್ಲಿಂದಲೇ ಶುರುವಾಗುತ್ತದೆ. ಹಳೆಯ ಕಾಲದ ವಿಧವೆಯರೆಲ್ಲ ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದರೆಂದು ನಾವು ಬರೆಯುತ್ತೇವೆ. ಅದು ಕೆಲವು ಜಾತಿಗಳ ಕಥೆ. ನಮ್ಮ ಸೀಮೆಯ ಅನೇಕ ಒಕ್ಕಲು ಸಮುದಾಯಗಳಲ್ಲಿ ಉಡಿಕೆಯ ಪದ್ಧತಿಯಿತ್ತು. ಗಂಡು ಹೊಸ ಸೀರೆ ತಂದು ಕೊಡುತ್ತಾನೆ, ಅದನ್ನುಟ್ಟು ಅವಳು ಅವನ ಹೆಂಡತಿಯಾಗುತ್ತಾಳೆ. ಮೊದಲ ಮದುವೆಯ ಸಂಭ್ರಮ ಇಲ್ಲ, ಮರ್ಯಾದೆಯಲ್ಲೂ ಒಂದು ಮೆಟ್ಟಿಲು ಕೆಳಗೆ. ಆದರೆ ದಾರಿಯೊಂದಿತ್ತು, ಅದಕ್ಕೊಂದು ಬೆಲೆಯೂ ಇತ್ತು. ಕಾದಂಬರಿಕಾರರಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು?

ಬಡ ಹುಡುಗನಿಗೆ ಅಡ್ಡ ನಿಂತದ್ದು ವರದಕ್ಷಿಣೆ ಎಂದು ಬರೆಯುವವರೂ ಇದ್ದಾರೆ. ಈ ಸಮುದಾಯಗಳಲ್ಲಿ ತೆರ, ಅಂದರೆ ಹೆಣ್ಣಿಗಾಗಿ ತೆರುವ ಹಣ, ಕೊಡಬೇಕಾಗಿದ್ದದ್ದು ಗಂಡಿನ ಕಡೆಯವರು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಮನೆ ಅಳಿಯನಾಗಿ ನಿಲ್ಲುವ ದಾರಿಯಿತ್ತು. ಈ ಕಾದಂಬರಿಯ ನಾಯಕ ಅಂಥ ಮನೆಯಲ್ಲೇ ಆಳಾಗಿದ್ದ. ತೋಟ, ಎತ್ತು, ಕಪಿಲೆ ಬಾವಿ ಎಲ್ಲದಕ್ಕೂ ಅವನ ತೋಳು ಬೇಕು, ಊಟಕ್ಕೆ ಮಾತ್ರ ಅವನು ಜಗಲಿಯಲ್ಲೇ. ಒಂದೇ ಸೂರಿನಡಿ ಅವರಿಬ್ಬರೂ ವರ್ಷಗಟ್ಟಲೆ ಇರುತ್ತಾರೆ, ಅಜ್ಜಿ ನೋಡುತ್ತಿರುತ್ತಾಳೆ, ದನ ಕಾಯುವ ಹುಡುಗ ನೋಡುತ್ತಿರುತ್ತಾನೆ. ಏಕಾಂತವೆಂಬುದು ಆ ಮನೆಯಲ್ಲಿ ಇರಲೇ ಇಲ್ಲ. ಆದ್ದರಿಂದ ಒಲವು ಎಲ್ಲರ ಕಣ್ಣೆದುರೇ, ಯಾರಿಗೂ ಕಾಣದಂತೆ ನಡೆಯಬೇಕು. ಬೆಳದಿಂಗಳ ತೋಪನ್ನು ಬಿಟ್ಟುಬಿಡಿ ಎಂದೆ. ಅವರಿಗೆ ನೋವಾಯಿತು, ನನಗೆ ಗೊತ್ತು. ಅದು ಅವರು ಮೊತ್ತಮೊದಲು ಬರೆದ ಪುಟ.

ಇಬ್ಬರೂ ಬೇರೆ ಜಾತಿಯವರಾಗಿದ್ದರೆ ಮಾತೇ ಬೇರೆ. ಬಹಿಷ್ಕಾರವೆಂದರೆ ನೆರೆಮನೆಯಿಂದ ಒಲೆಗೆ ಕೆಂಡ ಸಿಗುವುದಿಲ್ಲ, ಬಾವಿಯ ನೀರು ಸಿಗುವುದಿಲ್ಲ, ಹೆಣಕ್ಕೆ ಹೆಗಲು ಸಿಗುವುದಿಲ್ಲ. ಅದನ್ನು ಒಂದು ಅಧ್ಯಾಯದಲ್ಲಿ ಗೆದ್ದುಬಿಟ್ಟರೆ, ನಿಜವಾಗಿ ಅನುಭವಿಸಿದವರಿಗೆ ಮಾಡುವ ಅನ್ಯಾಯವದು.

ಇನ್ನು ಹೆಸರು. ನನ್ನ ಅಜ್ಜಿ ತಾತನ ಹೆಸರನ್ನು ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ತಾತನದು ತಿರುಪತಿಯ ದೇವರ ಹೆಸರು. ಹಾಗಾಗಿ ಅಜ್ಜಿ ದೇವರನ್ನೂ ‘ಏಳು ಬೆಟ್ಟದೊಡೆಯ’ ಎಂದೇ ಕರೆಯುತ್ತಿದ್ದರು. ರೇಷನ್ ಕಾರ್ಡಿನವರು ಗಂಡನ ಹೆಸರು ಕೇಳಿದರೆ ತಲೆ ತಗ್ಗಿಸಿ ನನ್ನ ಕಡೆ ನೋಡುತ್ತಿದ್ದರು, ನಾನು ಹೇಳುತ್ತಿದ್ದೆ. ಇಂಥ ಲೋಕದ ಹೆಣ್ಣು ಹದಿನೆಂಟನೆಯ ಪುಟದಲ್ಲೇ ಅವನ ಹೆಸರು ಹಿಡಿದು ಕರೆದರೆ ಮುಂದಿನ ಇನ್ನೂರು ಪುಟಗಳಿಗೆ ಏನು ಉಳಿಯಿತು? ಅವನನ್ನು ಆಳೆಂದು ಬಗೆದು ಹೆಸರಿನಿಂದ ಕೂಗುತ್ತಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ ಆ ಹೆಸರು ಹೇಳುವುದನ್ನು ನಿಲ್ಲಿಸಿಬಿಡಲಿ. “ಅಪ್ಪಯ್ಯ, ಅವರನ್ನು ಊಟಕ್ಕೆ ಕರೆಯಿರಿ” ಎನ್ನಲಿ. ಅಜ್ಜಿ ಎಲೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಮೊಮ್ಮಗಳ ಮುಖ ನೋಡಲಿ. ಓದುಗರಿಗೆ ಅಷ್ಟು ಸಾಕು.

‘ಪ್ರೀತಿಸುತ್ತೇನೆ’ ಎಂಬ ಮಾತೂ ಹಾಗೆಯೇ. ಹಳೆಯ ಕಾವ್ಯಗಳಲ್ಲಿ ಬೇಟವಿದೆ, ಕೂರ್ಮೆಯಿದೆ, ನಲ್ಲನಿದ್ದಾನೆ, ಒಲವಂತೂ ಇದ್ದೇ ಇದೆ. ಹಳ್ಳಿಯ ಮಾತಿನಲ್ಲಿ ‘ಅವಳ ಮೇಲೆ ಮನಸ್ಸಿಟ್ಟಿದ್ದಾನೆ’ ಎನ್ನುತ್ತಾರೆ. ಗಮನಿಸಿ, ಅದನ್ನು ಹೇಳುವುದು ಮೂರನೆಯವರು. ಮನಸ್ಸಿಟ್ಟವನು ಬಾಯಿಬಿಟ್ಟು ಹೇಳುವುದಿಲ್ಲ, ಏನಾದರೂ ಮಾಡುತ್ತಾನೆ.

ಲೇಖಕಿ ಎರಡನೆಯ ಸಲ ಬರೆದು ತಂದಾಗ ಅವನು ಏನು ಮಾಡಿದ್ದನೆಂದರೆ, ನಾನು ಅದನ್ನು ಓದಿ ಎದ್ದು ಅಂಗಳದಲ್ಲಿ ಸ್ವಲ್ಪ ಹೊತ್ತು ಓಡಾಡಿ ಬಂದೆ. ಅವನು ಜಗಲಿಯ ಮೇಲೆ ಮಲಗುತ್ತಾನೆ. ಬೆಳಗಿನ ಜಾವ ಒಳಗೆ ಅವಳು ರಾಗಿ ಬೀಸುವ ಸದ್ದು, ಜೊತೆಗೆ ಅವಳು ಹಾಡುವ ಪದ. ಕೆಲವು ದಿನಗಳಿಂದ ಪದಗಳೆಲ್ಲ ಮುಗಿದ ಮೇಲೂ ಕಲ್ಲು ತಿರುಗುತ್ತಲೇ ಇದೆ. ಕಲ್ಲು ಸವೆದಿದೆಯೆಂದು ಅವನಿಗೆ ತಿಳಿಯುತ್ತದೆ. ಅವಳು ಹೊಲಕ್ಕೆ ಹೋದಾಗ ಉಳಿ ಹಿಡಿದು ಕಲ್ಲನ್ನು ಕಟೆದಿಡುತ್ತಾನೆ. ಮರುದಿನ ಮೂರನೆಯ ಪದ ಮುಗಿಯುವ ಮೊದಲೇ ಹಿಟ್ಟಾಗುತ್ತದೆ. ಹಿಟ್ಟು ಬಳಿದಿಟ್ಟ ಮೇಲೆ, ಬೀಸಲು ಏನೂ ಇಲ್ಲದಿದ್ದರೂ, ಅವಳು ಆ ಪದವನ್ನು ಪೂರ್ತಿ ಹಾಡಿ ಮುಗಿಸುತ್ತಾಳೆ.

ಆಮೇಲೆ ಬರ. 1876ರಿಂದ 78ರ ಆ ಬರವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರವೆನ್ನುತ್ತಿದ್ದರು, ಅದು ಆ ಎರಡು ಸಂವತ್ಸರಗಳ ಹೆಸರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮೊದಲ ಪ್ರತಿಯಲ್ಲಿ ಈ ಬರ ಹಿನ್ನೆಲೆಯ ಚಿತ್ರವಾಗಿತ್ತು, ಪ್ರೇಮಿಗಳು ಅದರ ಮುಂದೆ ನಿಂತು ಮಾತಾಡುತ್ತಿದ್ದರು. ಅಷ್ಟು ಸಾವಿನ ನಡುವೆ ಒಲವನ್ನು ಬರೆಯುವವರು ಆ ಹಸಿವನ್ನು ಒಲವಿನೊಳಕ್ಕೇ ತರಬೇಕು ಎಂದಷ್ಟೇ ಹೇಳಿದೆ. ಹೇಗೆಂದು ನನಗೂ ಹೊಳೆದಿರಲಿಲ್ಲ.

ಅವರಿಗೆ ಹೊಳೆಯಿತು. ಕೊನೆಯ ಪ್ರತಿಯಲ್ಲಿ ಮಡಕೆ ಬರಿದಾಗಿದೆ. ಗೊತ್ತಾದರೆ ಅವನು ತನ್ನ ಪಾಲಿನ ಮುದ್ದೆಯನ್ನು ಬಿಟ್ಟು ಊರು ಬಿಡುತ್ತಾನೆಂಬ ಭಯ ಅವಳಿಗೆ. ಬೆಳಗಿನ ಜಾವ ಎದ್ದು ಖಾಲಿ ಕಲ್ಲನ್ನು ತಿರುಗಿಸುತ್ತಾ ಪದ ಹೇಳುತ್ತಾಳೆ. ಆ ಕಲ್ಲನ್ನು ಕಟೆದ ಕೈ ಅವನದು, ಖಾಲಿ ತಿರುಗುವ ಸದ್ದು ಅವನಿಗೆ ತಿಳಿಯದೆ ಇರುತ್ತದೆಯೇ? ಪದ ಮುಗಿಯುವವರೆಗೂ ಮಲಗಿದ್ದು ಕೇಳಿಸಿಕೊಳ್ಳುತ್ತಾನೆ. ಬೆಳಕು ಹರಿದ ಮೇಲೆ ಬಾಗಿಲ ಬಳಿ ನಿಂತು, ಹೊಟ್ಟೆನೋವು, ಈ ಹೊತ್ತು ನನಗೆ ಊಟ ಬೇಡ ಎಂದು ಅಜ್ಜಿಗೆ ಹೇಳುತ್ತಾನೆ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ.