ಪದ ಪರಿಚಯ: ಸಾರ್ವಜನಿಕ ಸಮಾಲೋಚನೆ

ಜಾರಿಗೆ ಬಂದು ತಿಂಗಳುಗಳೇ ಕಳೆದಿದ್ದ ಕ್ರಿಮಿನಲ್ ಕಾಯ್ದೆಯೊಂದರ ಬಗ್ಗೆ ಅಧಿಕಾರಿಗಳು ಸಭೆ ಸೇರಿಸಿ, ಅದರ ಕಲಮುಗಳನ್ನು ಒಂದೊಂದಾಗಿ ವಿವರಿಸಿ, ಸಭಿಕರ ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಸಿದ ಕಾರ್ಯಕ್ರಮದ ವರದಿಯೊಂದನ್ನು ಈಚೆಗೆ ಓದಿದೆ. ತಲೆಬರಹದಲ್ಲಿ ಅದಕ್ಕೆ ‘ಸಾರ್ವಜನಿಕ ಸಮಾಲೋಚನೆ’ ಎಂಬ ಹೆಸರಿತ್ತು. ಅಂಗೀಕಾರವಾಗಿ, ಅಂಕಿತ ಬಿದ್ದು, ಅದರಡಿ ಪ್ರಕರಣಗಳು ದಾಖಲಾಗುತ್ತಿರುವ ಕಾಯ್ದೆಯ ಬಗ್ಗೆ ಜನರನ್ನು ಕೇಳುವುದಕ್ಕೆ ಏನು ಉಳಿದಿರುತ್ತದೆ? ಅದು ಕಾನೂನು ಅರಿವು ಕಾರ್ಯಕ್ರಮ. ಬೇಕಾದ ಕೆಲಸವೇ, ಆದರೆ ಬೇರೆ ಕೆಲಸ. ಇದೇ ಪದವನ್ನು ಅಹವಾಲು ಸಭೆಗೂ ಅಭಿಪ್ರಾಯ ಸಮೀಕ್ಷೆಗೂ ಅಂಟಿಸಿರುವುದನ್ನು ಹಲವು ಸಲ ನೋಡಿ ಸುಮ್ಮನಿದ್ದೆ. ನ್ಯಾಯ ವ್ಯವಸ್ಥೆಗೆ ಸಂಬಂಧಿಸಿದ ಕಾನೂನುಗಳ ವಿಷಯದಲ್ಲೂ ಹೀಗಾದಾಗ ಸುಮ್ಮನಿರುವುದು ಸರಿಯಲ್ಲ ಎನಿಸಿತು.

ಕಾನೂನನ್ನೋ ನೀತಿಯನ್ನೋ ರೂಪಿಸುವ ಅಧಿಕಾರ ಉಳ್ಳವರು, ತಮ್ಮ ತೀರ್ಮಾನ ಗಟ್ಟಿಯಾಗುವ ಮೊದಲು, ಪ್ರಸ್ತಾವವನ್ನೂ ಅದರ ಹಿಂದಿನ ಕಾರಣಗಳನ್ನೂ ಅದರಿಂದ ಬಾಧಿತರಾಗುವವರ ಮತ್ತು ಆಸಕ್ತರ ಮುಂದಿಟ್ಟು, ಯೋಚಿಸಲು ಸಾಕಷ್ಟು ಕಾಲ ಕೊಟ್ಟು, ಬಂದ ಮಾತನ್ನು ಪರಿಶೀಲಿಸಿ, ಯಾವುದನ್ನು ಏಕೆ ಒಪ್ಪಿದೆವು ಅಥವಾ ಬಿಟ್ಟೆವು ಎಂದು ಹೇಳುವ ಕ್ರಮಕ್ಕೆ ಸಾರ್ವಜನಿಕ ಸಮಾಲೋಚನೆ ಎಂದು ಹೆಸರು. ಈ ಉದ್ದನೆಯ ವಾಕ್ಯದಲ್ಲಿ ‘ಮೊದಲು’ ಎಂಬ ಒಂದು ಪದವನ್ನು ತೆಗೆದುಹಾಕಿದರೆ ಉಳಿದುದೆಲ್ಲ ಬಿದ್ದುಹೋಗುತ್ತದೆ.

ಪದದ ಒಳಗನ್ನು ಸ್ವಲ್ಪ ಬಿಚ್ಚಿ ನೋಡೋಣ. ಸಂಸ್ಕೃತದ ‘ಲೋಚ್’ ಧಾತುವಿಗೆ ನೋಡು ಎಂಬ ಅರ್ಥವಿದೆ. ಕಣ್ಣಿಗೆ ಲೋಚನ ಎಂಬ ಹೆಸರು ಬಂದದ್ದು ಅದರಿಂದಲೇ. ‘ಆ’ ಎಂಬ ಉಪಸರ್ಗ ಸೇರಿ ಆಲೋಚನೆಯಾದಾಗ ಹೊರಗಿನ ನೋಟ ಒಳಗಿನ ನೋಟವಾಗುತ್ತದೆ. ‘ಸಂ’ ಎಂಬುದಕ್ಕೆ ಚೆನ್ನಾಗಿ, ಪೂರ್ಣವಾಗಿ ಎಂಬ ಅರ್ಥವೂ ಇದೆ, ಕೂಡಿ ಎಂಬ ಅರ್ಥವೂ ಇದೆ. ಹಿಂದಿ ಮೊದಲನೆಯದನ್ನು ಹಿಡಿಯಿತು: ಅಲ್ಲಿ ಸಮಾಲೋಚನಾ ಎಂದರೆ ಕೃತಿಯ ವಿಮರ್ಶೆ. ಕನ್ನಡ ಎರಡನೆಯದನ್ನು ಹಿಡಿಯಿತು: ಇಲ್ಲಿ ಸಮಾಲೋಚನೆ ಎಂದರೆ ಒಬ್ಬರಿಗಿಂತ ಹೆಚ್ಚು ಜನ ಕೂಡಿ ಒಂದು ವಿಷಯವನ್ನು ನೋಡುವುದು. ನಮ್ಮ ಆಯ್ಕೆಯೇ ಸೊಗಸಾದದ್ದೆಂದು ನಾನು ನಂಬಿದ್ದೇನೆ. ಅದನ್ನು ಕೆಡಿಸಿಕೊಳ್ಳುತ್ತಿದ್ದೇವೆ ಎಂಬುದೇ ನನ್ನ ತಕರಾರು.

ಕೆಡಿಸಿದ್ದರಲ್ಲಿ ‘ಆಪ್ತಸಮಾಲೋಚನೆ’ಗೂ ಪಾಲಿದೆ ಎಂದು ನನ್ನ ಊಹೆ. ಆ ಪದ ತನ್ನ ಜಾಗದಲ್ಲಿ ಸರಿಯಾಗಿಯೇ ಇದೆ, ಮತ್ತು ಇಂದು ಬಹಳ ಜನಕ್ಕೆ ಸಮಾಲೋಚನೆ ಎಂದೊಡನೆ ನೆನಪಾಗುವುದು ಅದೇ. ಆದರೆ ಅಲ್ಲಿ ತಿಳಿವಳಿಕೆ ಹರಿಯುವ ದಿಕ್ಕು ಬೇರೆ: ತೊಂದರೆಯಲ್ಲಿರುವವರು ಬರುತ್ತಾರೆ, ತಿಳಿದವರು ದಾರಿ ತೋರಿಸುತ್ತಾರೆ. ಸಾರ್ವಜನಿಕ ಸಮಾಲೋಚನೆಯಲ್ಲಿ ದಾರಿ ಕೇಳಬೇಕಾದವರು ಅಧಿಕಾರದಲ್ಲಿರುವವರು. ಈ ದಿಕ್ಕು ಮನಸ್ಸಿನಲ್ಲಿ ತಿರುವುಮುರುವಾದಾಗ, ಜನರಿಗೆ ತಿಳಿಯದ್ದನ್ನು ತಿಳಿಸಿ ಕಳಿಸುವ ಸಭೆಯೂ ಸಮಾಲೋಚನೆಯಂತೆ ಕಾಣತೊಡಗುತ್ತದೆ.

ಹಳಗಾಲದ ‘ಮಂತ್ರಾಲೋಚನೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅರಸ ಮಂತ್ರಿಗಳೊಡನೆ ನಡೆಸುತ್ತಿದ್ದ ಅದೂ ತೀರ್ಮಾನಕ್ಕೆ ಮೊದಲಿನ ಮಾತುಕತೆಯೇ, ಆದರೆ ಅದರ ಮೊದಲ ಲಕ್ಷಣ ಗುಟ್ಟು. ಆರು ಕಿವಿಗಳಿಗೆ ಬಿದ್ದ ಮಂತ್ರ ಒಡೆದುಹೋಗುತ್ತದೆ ಎಂಬ ಮಾತು ಹುಟ್ಟಿದ್ದು ಆ ಲೋಕದಲ್ಲಿ. ‘ಸಾರ್ವಜನಿಕ’ ಎಂಬ ವಿಶೇಷಣ ಆ ನಿಯಮವನ್ನೇ ತಲೆಕೆಳಗು ಮಾಡುತ್ತದೆ: ಎಷ್ಟು ಕಿವಿಗಳಿಗೆ ಬಿದ್ದರೆ ಅಷ್ಟು ಒಳ್ಳೆಯದು ಎನ್ನುತ್ತದೆ. ಆಯ್ದ ಕೆಲವು ತಜ್ಞರನ್ನು ಮುಚ್ಚಿದ ಕೋಣೆಗೆ ಕರೆಸಿ ಮಾತಾಡಿ, ಆಮೇಲೆ ಸಾರ್ವಜನಿಕ ಸಮಾಲೋಚನೆ ನಡೆಸಿದ್ದೇವೆ ಎಂದು ಹೇಳುವವರು ಮಾಡಿದ್ದು ಮಂತ್ರಾಲೋಚನೆ. ಅದಕ್ಕೂ ಗೌರವದ ಸ್ಥಾನವಿದೆ. ಹೆಸರು ಮಾತ್ರ ಅದರದೇ ಇರಲಿ.

ಇನ್ನು ಎಲ್ಲಕ್ಕಿಂತ ದೊಡ್ಡ ಗೊಂದಲ: ಸಮಾಲೋಚನೆಯನ್ನು ಸಹಮತಿ ಎಂದು ತಿಳಿಯುವುದು. ಭಾರತದ ನ್ಯಾಯಾಂಗದ ಚರಿತ್ರೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. ಸಂವಿಧಾನದ 124ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ನೇಮಕದಲ್ಲಿ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಬೇಕಿತ್ತು. ಅವರ ಸಹಮತಿಯೇ ಬೇಕು ಎಂದಾಗಲಿ ಎಂಬ ಸಲಹೆ ಸಂವಿಧಾನ ರಚನಾ ಸಭೆಯಲ್ಲಿ ಬಂದಾಗ, 1949ರ ಮೇ 24ರಂದು ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ನಮ್ಮೆಲ್ಲರಂತೆ ಕುಂದುಗಳಿರುವ ಮನುಷ್ಯನೇ, ಒಬ್ಬರ ಕೈಗೆ ತಡೆಹಾಕುವ ಅಧಿಕಾರ ಕೊಡುವುದು ಅಪಾಯಕರ ಎಂಬುದು ಅವರ ವಾದದ ಸಾರ. 1977ರ ಸಂಕಲ್‌ಚಂದ್ ಶೇಠ್ ಪ್ರಕರಣದಲ್ಲಿ, ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆಯ ಸಂದರ್ಭದಲ್ಲಿ, ಸಮಾಲೋಚನೆ ಎಂದರೆ ನೆಪಮಾತ್ರದ ಕೇಳಿಕೆಯಲ್ಲ, ಎಲ್ಲ ಸಂಗತಿಗಳನ್ನು ಮುಂದಿಟ್ಟು ನಡೆಸುವ ಪೂರ್ಣ ಮತ್ತು ಪರಿಣಾಮಕಾರಿ ವಿಚಾರವಿನಿಮಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಅದು ಸಹಮತಿಯಲ್ಲ ಎಂದಿತು. 1981ರ ಎಸ್.ಪಿ. ಗುಪ್ತಾ ಪ್ರಕರಣದ ತೀರ್ಪೂ ಇದೇ ಹಾದಿಯಲ್ಲಿತ್ತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ಬದಲಿಸಿ, ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೇ ಪ್ರಾಧಾನ್ಯ ಕೊಟ್ಟಿತು. ಹಿರಿಯ ನ್ಯಾಯಮೂರ್ತಿಗಳ ಗುಂಪೇ ನೇಮಕಗಳಿಗೆ ಹೆಸರು ಸೂಚಿಸುವ ಕೊಲಿಜಿಯಂ ವ್ಯವಸ್ಥೆ ನಿಂತಿರುವುದು ಈ ಒಂದೇ ಪದದ ಅರ್ಥದ ಮೇಲೆ.

ನೇಮಕದ ವಿಷಯದಲ್ಲಿ ನ್ಯಾಯಾಂಗದ ಸ್ವಾತಂತ್ರ್ಯವನ್ನು ಕಾಯಲು ಪದದ ಅರ್ಥವನ್ನು ಅಷ್ಟು ದೂರ ಎಳೆದದ್ದು ಸರಿಯೇ ತಪ್ಪೇ ಎಂಬುದು ಬೇರೆಯೇ ಚರ್ಚೆ. ಸಾರ್ವಜನಿಕ ಸಮಾಲೋಚನೆಗೆ ಬೇಕಾದದ್ದು 1977ರ ಅರ್ಥ. ಕೇಳುವವರಿಗೆ ಕೇಳುವ ಮನಸ್ಸಿರಬೇಕು, ಸಂಗತಿಗಳೆಲ್ಲ ಎದುರಿಗಿರಬೇಕು, ಆದರೂ ಕೊನೆಯ ತೀರ್ಮಾನದ ಹೊಣೆ ಅಧಿಕಾರ ಹೊತ್ತವರದೇ. ‘ನಾವು ಬೇಡವೆಂದರೂ ಮಾಡಿದರು, ಆದ್ದರಿಂದ ಸಮಾಲೋಚನೆಯೇ ನಡೆಯಲಿಲ್ಲ’ ಎಂಬ ದೂರಿನಲ್ಲಿ ತರ್ಕವಿಲ್ಲ. ‘ನಿಮ್ಮನ್ನು ಕೇಳಿದ್ದೆವಲ್ಲ, ಇನ್ನೇನು’ ಎಂಬ ಸಮಜಾಯಿಷಿಯಲ್ಲೂ ತರ್ಕವಿಲ್ಲ.

ಹಾಗಾದರೆ ನಿಜವಾದ ಸಮಾಲೋಚನೆಯನ್ನು ಗುರುತಿಸುವುದು ಹೇಗೆ? ಇಂಗ್ಲೆಂಡಿನ ನ್ಯಾಯಾಲಯಗಳು ಇದಕ್ಕೆ ಬಳಸುವ ಅಳತೆಗೋಲು 1985ರ ಗನ್ನಿಂಗ್ ಪ್ರಕರಣದಿಂದ ಬಂದದ್ದು. ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಿರಬೇಕು, ಅರ್ಥಪೂರ್ಣವಾಗಿ ಉತ್ತರಿಸುವಷ್ಟು ಕಾರಣಗಳನ್ನು ಕೊಟ್ಟಿರಬೇಕು, ಸಾಕಷ್ಟು ಸಮಯವಿರಬೇಕು, ಬಂದುದನ್ನು ಮನಃಪೂರ್ವಕವಾಗಿ ಪರಿಗಣಿಸಿರಬೇಕು. ಮೂಲ ಪ್ರಕರಣ ಶಾಲೆಗಳಿಗೆ ಸಂಬಂಧಿಸಿದ್ದಾದರೂ ನ್ಯಾಯ ವ್ಯವಸ್ಥೆಯ ನೀತಿಗಳಿಗೂ ಈ ಬಗೆಯ ಪರೀಕ್ಷೆ ಅನ್ವಯವಾಗಿದೆ. ಪೊಲೀಸ್ ಠಾಣೆಯಲ್ಲಿರುವ ಆರೋಪಿಗಳಿಗೆ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಒದಗಿಸುವ ಗುತ್ತಿಗೆಗಳ ಸಂಖ್ಯೆಯನ್ನು ಅಲ್ಲಿನ ಸರ್ಕಾರ 525ಕ್ಕೆ ಮಿತಿಗೊಳಿಸಿತ್ತು. ಆ ತೀರ್ಮಾನಕ್ಕೆ ಆಧಾರವಾಗಿದ್ದ ಎರಡು ವರದಿಗಳನ್ನು ವಕೀಲರಿಗೆ ತೋರಿಸದೆ, ಅವುಗಳ ಮೇಲೆ ಪ್ರತಿಕ್ರಿಯಿಸಲು ಅವಕಾಶ ಕೊಡದೆ ಮುಂದುವರಿದದ್ದು ಕಾನೂನುಬಾಹಿರವಾಗುವಷ್ಟು ಅನ್ಯಾಯ ಎಂದು 2014ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ತೀರ್ಪಿತ್ತಿತು. ಸರ್ಕಾರ ವರದಿಗಳನ್ನು ಬಹಿರಂಗಪಡಿಸಿ ಮತ್ತೆ ಸಮಾಲೋಚನೆ ನಡೆಸಿದ ಮೇಲೆ ಗೊತ್ತುಮಾಡಿದ ಸಂಖ್ಯೆ 527. ಎರಡೇ ಗುತ್ತಿಗೆಗಳ ಈ ವ್ಯತ್ಯಾಸವನ್ನು ಕಂಡು ಇದೆಲ್ಲ ವ್ಯರ್ಥ ಎಂದುಕೊಳ್ಳುವವರು ಮತ್ತೆ ಸಹಮತಿಯ ಗೊಂದಲಕ್ಕೇ ಮರಳುತ್ತಾರೆ. ನ್ಯಾಯಾಲಯ ಕಾಪಾಡಿದ್ದು, ಆಧಾರಗಳನ್ನು ಕಂಡು ಉತ್ತರಿಸುವ ಹಕ್ಕನ್ನು.

ದಕ್ಷಿಣ ಆಫ್ರಿಕದಲ್ಲಿ ಶಾಸನ ರಚನೆಯಲ್ಲಿ ಜನರನ್ನು ಒಳಗೊಳ್ಳುವುದು ಸಂವಿಧಾನವೇ ಹೊರಿಸಿರುವ ಕರ್ತವ್ಯ. ಅದನ್ನು ಪಾಲಿಸದ ಕಾರಣಕ್ಕೆ 2006ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆರೋಗ್ಯ ಕ್ಷೇತ್ರದ ಕಾಯ್ದೆಗಳನ್ನೇ ಅಸಿಂಧುಗೊಳಿಸಿತು. ಭಾರತದಲ್ಲಿ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಸರಳ ಭಾಷೆಯ ವಿವರಣೆ ಜೊತೆಗಿರಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಪ್ರಕಟಿಸಬೇಕು ಎನ್ನುತ್ತದೆ. ಆದರೆ ಅದು ನೀತಿಯೇ ಹೊರತು ಕಾಯ್ದೆಯಲ್ಲ.

ಎಣಿಸುವುದಕ್ಕೂ ತೂಗುವುದಕ್ಕೂ ಇರುವ ವ್ಯತ್ಯಾಸ ಬೇರೆಲ್ಲಕ್ಕಿಂತ ನ್ಯಾಯದ ಕ್ಷೇತ್ರದಲ್ಲಿ ಮುಖ್ಯ. ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ಬೆನ್ನಲ್ಲೇ 2012ರ ಡಿಸೆಂಬರಿನಲ್ಲಿ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಲೈಂಗಿಕ ಅಪರಾಧಗಳ ಕಾನೂನಿನ ಬಗ್ಗೆ ಸಾರ್ವಜನಿಕರಿಂದ ಸಲಹೆ ಕೇಳಿದಾಗ ಸುಮಾರು 80,000 ಸಲಹೆಗಳು ಬಂದವು. ಒಂದು ತಿಂಗಳಲ್ಲಿ ಸಮಿತಿ ವರದಿ ಕೊಟ್ಟಿತು. ಬೀದಿಯಲ್ಲಿ ಮರಣದಂಡನೆಯ ಕೂಗು ಜೋರಾಗಿತ್ತು, ಸಮಿತಿ ಅದನ್ನು ಶಿಫಾರಸು ಮಾಡಲಿಲ್ಲ. ವೈವಾಹಿಕ ಅತ್ಯಾಚಾರಕ್ಕಿದ್ದ ವಿನಾಯಿತಿಯನ್ನು ತೆಗೆಯಬೇಕೆಂದಿತು, ಸರ್ಕಾರ ಅದನ್ನು ಒಪ್ಪಲಿಲ್ಲ. ಬಂದ ಪತ್ರಗಳನ್ನು ಎಣಿಸಿ ಹೆಚ್ಚು ಮತ ಬಿದ್ದ ಕಡೆಗೆ ವಾಲುವುದಾಗಿದ್ದರೆ ಸಮಿತಿಯೇ ಬೇಕಿರಲಿಲ್ಲ, ಒಬ್ಬ ಗುಮಾಸ್ತ ಸಾಕಿತ್ತು. ಸಮಾಲೋಚನೆಯಲ್ಲಿ ಸಾವಿರ ಒಂದೇ ಬಗೆಯ ಪತ್ರಗಳಿಗಿಂತ, ಜಾಮೀನು ಸಿಕ್ಕಿಯೂ ಶ್ಯೂರಿಟಿ ಕೊಡಲಾಗದೆ ಜೈಲಿನಲ್ಲೇ ಉಳಿದ ವಿಚಾರಣಾಧೀನ ಕೈದಿಯ ಒಂದು ಪತ್ರಕ್ಕೆ ಹೆಚ್ಚು ತೂಕವಿರಬಹುದು, ಏಕೆಂದರೆ ಕರಡು ಬರೆದವರಿಗೆ ಗೊತ್ತಿಲ್ಲದ ಸಂಗತಿ ಅದರಲ್ಲಿರುತ್ತದೆ. ಅಂಥವರಿಂದ ಪತ್ರ ಬರುವುದೇ ಅಪರೂಪ. ಕರಡು ಅವರ ಭಾಷೆಯಲ್ಲಿರುವುದಿಲ್ಲ, ವೆಬ್‌ಸೈಟ್ ಜೈಲಿನೊಳಗೆ ತೆರೆಯುವುದಿಲ್ಲ; ಅವರಿದ್ದಲ್ಲಿಗೆ ಹೋಗಿ ಕೇಳದ ಹೊರತು ‘ಸಾರ್ವಜನಿಕ’ ಎಂಬ ಪದದೊಳಗೆ ಅವರು ಬರುವುದೇ ಇಲ್ಲ.

ಅಕ್ಕಪಕ್ಕದ ಪದಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಒಂದೇ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಮತ ಹಾಕಿಸುವುದು ಜನಮತಗಣನೆ. ಆಗಿಹೋದ ತೊಂದರೆಯನ್ನು ಹೇಳಿಕೊಳ್ಳುವುದು ಅಹವಾಲು. ಕರಡು ನಿಯಮಗಳಿಗೆ ಆಕ್ಷೇಪಣೆಗಳನ್ನು ಆಹ್ವಾನಿಸುವುದು ಸಮಾಲೋಚನೆಯ ಒಂದು ಭಾಗವೇ, ಆದರೆ ಆಕ್ಷೇಪಣೆ ಎಂದೊಡನೆ ಒಪ್ಪುವವರು, ಸೇರಿಸಬೇಕೆನ್ನುವವರು ಹೊರಗುಳಿಯುತ್ತಾರೆ. ‘ಸಾರ್ವಜನಿಕ ವಿಚಾರಣೆ’ ಎಂಬ ಪ್ರಯೋಗವನ್ನಂತೂ ನ್ಯಾಯ ವ್ಯವಸ್ಥೆಯ ಸಂದರ್ಭದಲ್ಲಿ ದಯವಿಟ್ಟು ಬಿಡಬೇಕು. ವಿಚಾರಣೆ ಎಂದರೆ ನ್ಯಾಯಾಲಯದಲ್ಲಿ ನಡೆಯುವುದು. ‘ಜಾಮೀನು ಕಾನೂನಿನ ಸಾರ್ವಜನಿಕ ವಿಚಾರಣೆ’ ಎಂದು ಬರೆದರೆ ಯಾವುದೋ ಅರ್ಜಿ ತೆರೆದ ನ್ಯಾಯಾಲಯದಲ್ಲಿ ನಡೆಯುತ್ತಿದೆ ಎಂದು ಓದುಗರು ತಿಳಿಯುತ್ತಾರೆ. ಜಾಮೀನಿನ ಕಾನೂನು ಹೇಗಿರಬೇಕು ಎಂದು ಜನರನ್ನು ಕೇಳಬಹುದು, ಕೇಳಬೇಕು. ಇಂಥವರಿಗೆ ಜಾಮೀನು ಕೊಡಬೇಕೇ ಎಂದು ಕೇಳುವಂತಿಲ್ಲ. ಈ ಎರಡನ್ನೂ ಒಂದೇ ಪದದಲ್ಲಿ ತುರುಕುವುದು ಬರಿಯ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ.

ಕೊನೆಯದಾಗಿ ವಿಭಕ್ತಿಯ ವಿಷಯ. ನಾನು ಓದಿದ ಆ ವರದಿಯಲ್ಲಿ ‘ಸಾರ್ವಜನಿಕರಿಗೆ ಸಮಾಲೋಚನೆ ನಡೆಸಲಾಯಿತು’ ಎಂದಿತ್ತು. ತರಬೇತಿ, ಉಪನ್ಯಾಸ, ಅರಿವು, ಇವು ಒಬ್ಬರಿಗೆ ಕೊಡುವಂಥವು. ಚತುರ್ಥಿ ಅವಕ್ಕೆ ಸಲ್ಲುತ್ತದೆ. ಸಮಾಲೋಚನೆ ನಡೆಯುವುದು ಒಬ್ಬರೊಂದಿಗೆ. ಬರೆಯುತ್ತಿರುವ ವಾಕ್ಯದಲ್ಲಿ ‘ಜನರೊಂದಿಗೆ’ ಎಂಬುದು ಕೂರದೆ ‘ಜನರಿಗೆ’ ಎಂಬುದೇ ಸಹಜವಾಗಿ ಬರುತ್ತಿದೆಯೆಂದರೆ, ವರದಿಗಾರರು ಅಲ್ಲಿ ನಡೆದದ್ದು ಏನು ಎಂದು ಸಂಘಟಕರನ್ನು ಮತ್ತೊಮ್ಮೆ ಕೇಳುವುದು ಒಳ್ಳೆಯದು.